ಮಂದಣ್ಣನ ಹೆಸರು ಹೇಳಲು ಯಾಕೆ ಹೆದರಿದೆ?

ಕಳೆದ ತಿಂಗಳು ನಮ್ಮ ಕಾಲೇಜಿನಲ್ಲಿ ಅಣಕು ಸಂದರ್ಶನ ಇತ್ತು. ಕಂಪನಿಗಳು ಕ್ಯಾಂಪಸ್‌ಗೆ ಬರುವ ಮೊದಲು ನಮ್ಮನ್ನು ತಯಾರು ಮಾಡುವ ಏರ್ಪಾಡು. ನನ್ನ ರೆಸ್ಯೂಮೆಯ ಕೊನೆಯಲ್ಲಿ ‘ಹವ್ಯಾಸ: ಓದು’ ಎಂದು ಬರೆದಿದ್ದೆ. ಎದುರು ಕುಳಿತಿದ್ದವರು ಇಂಗ್ಲಿಷಿನಲ್ಲಿ ಕೇಳಿದರು, ‘ಯಾರನ್ನು ಓದುತ್ತೀರಿ?’ ಪೂರ್ಣಚಂದ್ರ ತೇಜಸ್ವಿ ಎಂದೆ. ‘ಅವರ ಪುಸ್ತಕಗಳಲ್ಲಿ ನಿಮಗೆ ತುಂಬ ಇಷ್ಟವಾದ ಪಾತ್ರ ಯಾವುದು?’ ಎಂದರು. ‘ಕರ್ವಾಲೊ. ಅವರು ವಿಜ್ಞಾನಿ. ಶಿಸ್ತು, ಸಂಶೋಧನೆಯ ಹಟ, ತಂಡವನ್ನು ಮುನ್ನಡೆಸುವ ಗುಣ...’ ಎಂದು ಬಾಯಿಪಾಠದಂತೆ ಒಪ್ಪಿಸಿದೆ. ಅವರು ಆಕಳಿಕೆ ತಡೆದುಕೊಂಡು ಅಂಕ ಬರೆದರು.

ಹೊರಗೆ ಬಂದ ಮೇಲೆ ನನಗೇ ನಾಚಿಕೆಯಾಯಿತು. ಹೇಳಿದ್ದು ಶುದ್ಧ ಸುಳ್ಳು. ಹತ್ತನೇ ತರಗತಿಯಲ್ಲಿ ಆ ಕಾದಂಬರಿ ಓದಿದಾಗಿನಿಂದ ನನ್ನ ಮೆಚ್ಚಿನವನು ಮಂದಣ್ಣ.

‘ಕರ್ವಾಲೊ’ ಪ್ರಕಟವಾದದ್ದು 1980ರಲ್ಲಿ. ಮೂಡಿಗೆರೆ ಕಡೆಯ ಒಬ್ಬ ರೈತ, ಒಬ್ಬ ವಿಜ್ಞಾನಿ, ಫೋಟೊಗ್ರಾಫರ್ ಪ್ರಭಾಕರ, ಅಡುಗೆಯ ಬಿರ್ಯಾನಿ ಕರಿಯಪ್ಪ, ಕಿವಿ ಎಂಬ ನಾಯಿ ಎಲ್ಲರೂ ಸೇರಿ ಒಂದು ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಕಥೆ. ಅದನ್ನು ಮೊದಲು ಕಂಡಿದ್ದವನು ಮಂದಣ್ಣ. ಜೇನು ಹಿಡಿಯುವವನು. ಮದುವೆಯ ಹಂಬಲದಲ್ಲಿ ಒದ್ದಾಡುತ್ತಾನೆ, ಕಳ್ಳಭಟ್ಟಿ ಕೇಸಿನಲ್ಲಿ ಸಿಕ್ಕಿಬೀಳುತ್ತಾನೆ, ಊರಿನವರ ಲೆಕ್ಕದಲ್ಲಿ ಕೆಲಸಕ್ಕೆ ಬಾರದವನು. ಆದರೆ ಕಾಡಿನ ವಿಷಯಕ್ಕೆ ಬಂದರೆ ಅಷ್ಟು ಓದಿದ ಕರ್ವಾಲೊ ಅವನ ಮಾತನ್ನು ಕಿವಿಗೊಟ್ಟು ಕೇಳುತ್ತಾರೆ. ಎರಡು ಸಬ್ಜೆಕ್ಟ್ ಬ್ಯಾಕ್ ಉಳಿಸಿಕೊಂಡ ನನ್ನಂಥವನಿಗೆ ಇದು ಎಷ್ಟು ದೊಡ್ಡ ಸಮಾಧಾನ ಎಂದು ಬಿಡಿಸಿ ಹೇಳಬೇಕಿಲ್ಲ. ಅದನ್ನು ಸಂದರ್ಶನದಲ್ಲಿ ಹೇಳಲು ಯಾಕೆ ಹೆದರಿದೆ?

ಇದೇ ಪ್ರಶ್ನೆಗೆ ಬಸ್ಸಿನಲ್ಲಿ ನಾನು ಹೆದರುವುದಿಲ್ಲ. ಪ್ರತಿ ಶನಿವಾರ ಬೆಂಗಳೂರಿನಿಂದ ಚಿಕ್ಕಬಳ್ಳಾಪುರದ ಬಸ್ ಹತ್ತುವ ನಾವು ನಾಲ್ವರು. ಹೆಬ್ಬಾಳ ದಾಟುವಷ್ಟರಲ್ಲಿ ಜಗಳ ಶುರು. ಶಿಡ್ಲಘಟ್ಟದ ಗೆಳತಿಗೆ ‘ಜುಗಾರಿ ಕ್ರಾಸ್’ನ ಗೌರಿಯೇ ಆಗಬೇಕು. ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿ ಒಂದೇ ದಿನದಲ್ಲಿ ಏನೇನಕ್ಕೋ ಸಿಕ್ಕಿಕೊಳ್ಳುವ ಕಥೆ ಅದು. ರೇಷ್ಮೆಗೂಡಿನ ಮಾರುಕಟ್ಟೆಯ ಪಕ್ಕದಲ್ಲೇ ಬೆಳೆದ ಅವಳು, ‘ಬೆಳೆದದ್ದನ್ನು ಮಾರಿ ದುಡ್ಡು ಜೋಪಾನವಾಗಿ ಮನೆಗೆ ತರುವ ಭಯ ನಿಮಗೇನು ಗೊತ್ತು?’ ಎಂದು ನಮ್ಮ ಬಾಯಿ ಮುಚ್ಚಿಸುತ್ತಾಳೆ. ಚಿಂತಾಮಣಿಯ ಗೆಳೆಯನಿಗೆ ‘ಚಿದಂಬರ ರಹಸ್ಯ’ದ ಶ್ಯಾಮನಂದನ ಅಂಗಡಿ ಇಷ್ಟ. ಗೌರಿಬಿದನೂರಿನವನು ಯಾವಾಗಲೂ ಒಂದೇ ಹೆಸರು ಹೇಳುತ್ತಾನೆ: ಕಿವಿ. ‘ಎಲ್ಲರಿಗೂ ಏನೋ ಒಂದು ಬೇಕು. ಅದಕ್ಕೆ ಜೊತೆಗೆ ಬರುವುದಷ್ಟೇ ಬೇಕು’ ಎಂಬುದು ಅವನ ವಾದ. ಅವನ ತಾಯಿ ತೀರಿಕೊಂಡ ವರ್ಷ ಅವನ ಮನೆಯ ನಾಯಿ ಹೊಸಿಲು ಬಿಟ್ಟು ಕದಲಿರಲಿಲ್ಲ ಎಂಬುದು ನಮಗೆ ತಿಳಿದದ್ದು ಈ ಜಗಳದಲ್ಲೇ. ಎರಡು ವರ್ಷ ಒಂದೇ ಬೆಂಚಿನಲ್ಲಿ ಕುಳಿತರೂ ಅವನು ಅದನ್ನು ಹೇಳಿರಲಿಲ್ಲ.

ಇದು ನಮ್ಮ ಊರಿನವರಿಗಷ್ಟೇ ಇರುವ ಚಟವಲ್ಲ. ನನ್ನ ರೂಮ್‌ಮೇಟ್ ಇಂಗ್ಲಿಷಿನ ‘ಡಿಸ್ಕ್‌ವರ್ಲ್ಡ್’ ಸರಣಿಯ ಅಭಿಮಾನಿ. ಬ್ರಿಟನ್ನಿನ ಟೆರ್ರಿ ಪ್ರಾಟ್ಚೆಟ್ 1983ರಲ್ಲಿ ಆರಂಭಿಸಿದ ಈ ಹಾಸ್ಯದ ಅದ್ಭುತ ಕಥೆಗಳ ಸಾಲಿನಲ್ಲಿ 41 ಕಾದಂಬರಿಗಳಿವೆ. ಕೊನೆಯದು ಅವರು ತೀರಿಕೊಂಡ ಮೇಲೆ 2015ರಲ್ಲಿ ಬಂತು. ಅಲ್ಲಿ ಲೋಕ ತಟ್ಟೆಯಂತೆ ಚಪ್ಪಟೆ. ಅದನ್ನು ಹೊತ್ತಿರುವುದು ನಾಲ್ಕು ಆನೆಗಳು, ಆ ಆನೆಗಳು ನಿಂತಿರುವುದು ಒಂದು ಮಹಾ ಆಮೆಯ ಬೆನ್ನ ಮೇಲೆ. ಅಜ್ಜಿ ಹೇಳಿದ ಕಥೆ ಕೇಳಿ ಬೆಳೆದ ನಮಗೆ ಆ ಆಮೆ ಹೊಸದೇನಲ್ಲ! ಅಲ್ಲಿ ಸಾವೂ ಒಂದು ಪಾತ್ರ. ಬಿಂಕಿ ಎಂಬ ಬಿಳಿ ಕುದುರೆ ಏರಿ ಬರುತ್ತದೆ, ಬೆಕ್ಕುಗಳೆಂದರೆ ಅದಕ್ಕೆ ಪ್ರಾಣ. ಆ ಸರಣಿ ಓದಿದವರು ಎಲ್ಲಿ ಸೇರಿದರೂ ಮೊದಲು ನಡೆಯುವುದು ‘ನಿನ್ನ ಮೆಚ್ಚಿನವರು ಯಾರು’ ಎಂಬ ಚರ್ಚೆಯೇ ಅಂತೆ. ಸಾವೋ, ಮಾಟಗಾತಿ ಗ್ರ್ಯಾನಿ ವೆದರ್‌ವ್ಯಾಕ್ಸೋ, ಪೊಲೀಸ್ ಅಧಿಕಾರಿ ಸ್ಯಾಮ್ ವೈಮ್ಸೋ?

ರೂಮ್‌ಮೇಟ್‌ನದು ವೈಮ್ಸ್ ಪಕ್ಷ. ಕಾರಣ ಒಂದು ಜೊತೆ ಬೂಟು. ದುಡ್ಡಿದ್ದವನು 50 ಡಾಲರಿನ ಬೂಟು ಕೊಂಡರೆ ಹತ್ತು ವರ್ಷ ಬಾಳುತ್ತದೆ. ಬಡವ 10 ಡಾಲರಿನದನ್ನು ಮತ್ತೆ ಮತ್ತೆ ಕೊಂಡು ಅಷ್ಟೇ ವರ್ಷಗಳಲ್ಲಿ 100 ಡಾಲರ್ ಖರ್ಚು ಮಾಡಿದರೂ ಅವನ ಕಾಲು ಒದ್ದೆಯೇ. ಇದು ವೈಮ್ಸ್ ಹಾಕುವ ಲೆಕ್ಕ. ಅದನ್ನು ವಿವರಿಸುತ್ತಾ ರೂಮ್‌ಮೇಟ್ ತನ್ನ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ತೋರಿಸಿದ. ಮೂರು ಸಲ ರಿಪೇರಿಗೆ ಕೊಟ್ಟದ್ದರಲ್ಲಿ ಹೊಸದೇ ಬರುತ್ತಿತ್ತು. ಅವನು ಯಾಕೆ ವೈಮ್ಸ್ ಪಕ್ಷ ಎಂದು ಆಗ ಅರ್ಥವಾಯಿತು.

ಮೆಚ್ಚಿನ ಪಾತ್ರದ ಬಗ್ಗೆ ಮಾತನಾಡುವುದೆಂದರೆ ನಮ್ಮ ಬಗ್ಗೆಯೇ ಮಾತನಾಡುವುದು. ಅದಕ್ಕೇ ಸಂದರ್ಶನದಲ್ಲಿ ನಾಲಿಗೆ ಹೊರಳಲಿಲ್ಲ. ಚಿಕ್ಕಂದಿನಿಂದ ನಾವು ‘ಸರಿಯಾದ’ ಉತ್ತರ ಕೊಟ್ಟೇ ಬೆಳೆದವರು. ನಮ್ಮ ಕಡೆ ಯಾವ ಶಾಲೆಯಲ್ಲಿ ‘ನಿನ್ನ ಆದರ್ಶ ಯಾರು’ ಎಂದು ಕೇಳಿದರೂ ಇಡೀ ತರಗತಿ ‘ಸರ್ ಎಂ. ವಿಶ್ವೇಶ್ವರಯ್ಯ’ ಎನ್ನುತ್ತದೆ. ಮುದ್ದೇನಹಳ್ಳಿ ಪಕ್ಕದಲ್ಲೇ ಇದೆ, ಹೆಮ್ಮೆ ನನಗೂ ಇದೆ. ಆದರೆ ನಲವತ್ತು ಮಕ್ಕಳಲ್ಲಿ ಒಬ್ಬರೂ ಬೇರೆ ಹೆಸರು ಹೇಳಲಿಲ್ಲ ಎಂದರೆ ಅಲ್ಲಿ ಯಾರೂ ಯೋಚಿಸಲಿಲ್ಲ ಎಂದೇ ಅರ್ಥ. ಈಗ ಗ್ರೂಪ್ ಡಿಸ್ಕಷನ್‌ನಲ್ಲೂ ಅದೇ ಕಥೆ. ‘ಕೃತಕ ಬುದ್ಧಿಮತ್ತೆ ವರವೋ ಶಾಪವೋ’ ಎಂದ ಕೂಡಲೇ ಹತ್ತು ಜನ ಹತ್ತು ಬಾರಿ ಒಂದೇ ಮಾತು ಹೇಳುತ್ತೇವೆ.

ಅಭಿಮಾನ ಎಂದರೆ ಬಡಿದಾಟ ಎಂದುಕೊಂಡವರೂ ಇದ್ದಾರೆ. ಸಿನಿಮಾ ತಾರೆಯರ ಹೆಸರಿನಲ್ಲಿ ಮೊಬೈಲಿನಲ್ಲಿ ಹರಿಯುವ ಬೈಗುಳ ಎಲ್ಲರೂ ನೋಡಿದ್ದೇವೆ. ಬಸ್ಸಿನ ಜಗಳ ಹಾಗಾಗದಿರಲು ಕಾರಣ ಸರಳ. ಅಲ್ಲಿ ‘ಯಾಕೆ’ ಎಂದು ಕೇಳಲೇಬೇಕು, ಕೇಳಿದವರು ಉತ್ತರ ಮುಗಿಯುವವರೆಗೆ ಕಾಯಲೇಬೇಕು. ದೇವನಹಳ್ಳಿ ಬರುವಷ್ಟರಲ್ಲಿ ನಾನು ಗೌರಿಯ ಪಕ್ಷಕ್ಕೆ ವಾಲಿದ ದಿನಗಳೂ ಇವೆ.

ಆ ಸಂದರ್ಶನದ ವಾರ ಊರಿಗೆ ಹೋದಾಗ ಈ ಕಥೆಯನ್ನು ಅಪ್ಪನಿಗೂ ಹೇಳಿದೆ. ನಮ್ಮ ಮನೆಮಾತು ತೆಲುಗು, ಅಪ್ಪನನ್ನು ಕರೆಯುವುದು ‘ನಾಯ್ನಾ’ ಎಂದು. ಎರಡು ಎಕರೆ ದ್ರಾಕ್ಷಿ, ಕೈಕೊಡುವ ಬೋರ್‌ವೆಲ್, ಇಷ್ಟೇ ಅವರ ಲೋಕ. ಕಥೆ ಪುಸ್ತಕ ಹಿಡಿದವರಲ್ಲ. ಎರಡು ರಾತ್ರಿ ಊಟವಾದ ಮೇಲೆ ‘ಕರ್ವಾಲೊ’ವನ್ನು ತೆಲುಗಿನಲ್ಲಿ ಹೇಳಿ ಮುಗಿಸಿದೆ. ಯಾರು ಇಷ್ಟವಾದರು ಎಂದೆ. ಮಂದಣ್ಣ ಎನ್ನುತ್ತಾರೆ ಎಂದುಕೊಂಡಿದ್ದೆ.

‘ಆ ಕಥೆ ಹೇಳ್ತಾನಲ್ಲ, ಆ ರೈತ’ ಎಂದರು. ‘ಬೇಸಾಯ ಸಾಕಾಗಿತ್ತು ಅವನಿಗೆ. ಆದ್ರೂ ಒಂದು ಓತಿ ನೋಡೋಕೆ ಎಲ್ಲ ಬಿಟ್ಟು ಹೊರಟನಲ್ಲ. ನಾನೂ ಒಂದು ಸಲ ಹಂಗೆ ಹೋಗಬೇಕಿತ್ತು ಕಣಪ್ಪ.’

ಅಷ್ಟು ಸಲ ಓದಿದರೂ ಆ ರೈತನನ್ನು ನಾನು ಪಾತ್ರವೆಂದೇ ಎಣಿಸಿರಲಿಲ್ಲ. ನಂದಿ ಬೆಟ್ಟದ ಮೋಡ ನೋಡಲು ಬೆಂಗಳೂರಿನವರು ಬೆಳಗಿನ ಜಾವ ನಮ್ಮ ತೋಟದ ಮುಂದೆಯೇ ಬೈಕಿನಲ್ಲಿ ಹೋಗುತ್ತಾರೆ. ಅದೇ ಹೊತ್ತಿಗೆ ನಾಯ್ನಾ ಕರೆಂಟ್ ಬಂತೆಂದು ಮೋಟಾರು ಹಾಕಲು ಎದ್ದಿರುತ್ತಾರೆ. ಅವರಿಗೂ ಎಲ್ಲಿಗೋ ಹೋಗುವ ಆಸೆ ಇತ್ತು ಎಂಬುದು ಇಪ್ಪತ್ತು ವರ್ಷದಲ್ಲಿ ನನಗೆ ಮೊದಲ ಬಾರಿ ತಿಳಿಯಿತು.

ಅದಕ್ಕೇ ಗೆಳೆಯರಲ್ಲಿ ಒಂದು ಮಾತು. ಜಿಲ್ಲಾ ಗ್ರಂಥಾಲಯದಲ್ಲಿ ಪಿಡಿಒ, ಎಫ್‌ಡಿಎ ಗೈಡುಗಳ ನಡುವೆ ದಿನವಿಡೀ ತಲೆ ಬಗ್ಗಿಸಿ ಕೂರುವ ಅಕ್ಕ ಅಣ್ಣಂದಿರಿಗೂ ಇದೇ ಮಾತು. ಸಂಜೆ ಟೀಗೆ ಎದ್ದಾಗ ಕಟ್‌ಆಫ್ ಅಂಕದ ಮಾತು ಅರ್ಧ ಗಂಟೆ ಬದಿಗಿಡಿ. ಪಕ್ಕದಲ್ಲಿರುವವರನ್ನು ಅವರ ಮೆಚ್ಚಿನ ಪಾತ್ರ ಯಾರೆಂದು ಕೇಳಿ. ತೇಜಸ್ವಿಯೇ ಆಗಬೇಕಿಲ್ಲ, ಬೇತಾಳವೂ ಆದೀತು. ಯಾಕೆ ಎಂದೂ ಕೇಳಿ. ಕಾಲೇಜುಗಳು ತಿಂಗಳಿಗೊಂದು ಗ್ರೂಪ್ ಡಿಸ್ಕಷನ್ ಅನ್ನು ಇದಕ್ಕೇ ಬಿಟ್ಟುಕೊಟ್ಟರೆ ನಷ್ಟವಿಲ್ಲ. ತನಗೆ ಯಾಕೆ ಇಷ್ಟ ಎಂದು ನಾಲ್ಕು ಜನರ ಮುಂದೆ ಹೇಳಲು ಬಂದವರಿಗೆ ಉಳಿದ ಪ್ರಶ್ನೆಗಳೂ ಅಷ್ಟು ಭಯ ಹುಟ್ಟಿಸಲಾರವು.

ನನ್ನ ನಿಜವಾದ ಸಂದರ್ಶನಗಳು ಮುಂದಿನ ಸೆಮಿಸ್ಟರ್‌ನಲ್ಲಿವೆ. ರೆಸ್ಯೂಮೆಯಲ್ಲಿ ‘ಓದು’ ಹಾಗೇ ಇರುತ್ತದೆ. ಮತ್ತೆ ಅದೇ ಪ್ರಶ್ನೆ ಬಂದರೆ ಈ ಸಲ ಮಂದಣ್ಣನ ಹೆಸರೇ ಹೇಳುತ್ತೇನೆ, ಎರಡು ಬ್ಯಾಕ್ ವಿಷಯವನ್ನೂ ಸೇರಿಸಿ.