ಸ್ನಾಯುವೋ, ಬಲವೋ? ಪಾಠಯೋಜನೆ ಮೊದಲು ನಿರ್ಧರಿಸಲಿ

ದೈಹಿಕ ಶಿಕ್ಷಣದ ಬೋಧನಾಭ್ಯಾಸದ ಪಾಠಯೋಜನೆಗಳಲ್ಲಿ ‘ವಿದ್ಯಾರ್ಥಿಗಳು ಸ್ನಾಯುಬಲವನ್ನು ಬೆಳೆಸಿಕೊಳ್ಳುವರು’ ಎಂಬ ಉದ್ದೇಶ ಮತ್ತೆ ಮತ್ತೆ ಕಾಣಸಿಗುತ್ತದೆ. ಆ ಒಂದು ಪದದಲ್ಲಿ ಎರಡು ಗುರಿಗಳು ಸೇರಿಕೊಂಡಿವೆ: ಸ್ನಾಯುವಿನ ಗಾತ್ರ ಮತ್ತು ಸ್ನಾಯುವಿನ ಬಲ. ಇವನ್ನು ಬೇರ್ಪಡಿಸದಿದ್ದರೆ ಚಟುವಟಿಕೆಯೂ ಮೌಲ್ಯಮಾಪನವೂ ದಾರಿ ತಪ್ಪುತ್ತವೆ. ಪ್ರೌಢಶಾಲೆಯ ಮಟ್ಟಿಗೆ ನಮ್ಮ ಗುರಿ ಬಲವೇ ಆಗಿರಬೇಕು ಎಂಬುದು ನನ್ನ ಅಭಿಪ್ರಾಯ.

ಎರಡಕ್ಕೂ ನಂಟಿದೆ, ನಿಜ. ದಪ್ಪ ಸ್ನಾಯುವಿಗೆ ಹೆಚ್ಚು ಬಲ ಹಾಕುವ ಸಾಮರ್ಥ್ಯವಿರುತ್ತದೆ. ಆದರೆ ಎಷ್ಟು ಸ್ನಾಯುತಂತುಗಳನ್ನು, ಯಾವ ಕ್ಷಣದಲ್ಲಿ ಒಟ್ಟಾಗಿ ಕೆಲಸಕ್ಕೆ ಹಚ್ಚಬೇಕು ಎಂಬುದನ್ನು ನರಮಂಡಲ ಕಲಿಯಬೇಕು. ವ್ಯಾಯಾಮ ಆರಂಭಿಸಿದ ಮೊದಲ ವಾರಗಳಲ್ಲಿ ತೋಳಿನ ಸುತ್ತಳತೆ ಹೆಚ್ಚದಿದ್ದರೂ ಎತ್ತುವ ಭಾರ ಏರುವುದು ಮುಖ್ಯವಾಗಿ ಈ ಕಲಿಕೆಯಿಂದ.

ವಯಸ್ಕರ ತರಬೇತಿಯ ಕ್ರಮದಲ್ಲೂ ಈ ವ್ಯತ್ಯಾಸವಿದೆ. ಬಲಕ್ಕಾಗಿ ತನ್ನ ಗರಿಷ್ಠ ಸಾಮರ್ಥ್ಯದ ಸುಮಾರು ಶೇ. 85ರಷ್ಟು ಅಥವಾ ಹೆಚ್ಚಿನ ಭಾರವನ್ನು 1ರಿಂದ 5 ಬಾರಿ ಎತ್ತಿ, ಸುತ್ತುಗಳ ನಡುವೆ 3ರಿಂದ 5 ನಿಮಿಷ ವಿಶ್ರಮಿಸುತ್ತಾರೆ. ಗಾತ್ರಕ್ಕಾಗಿ 6ರಿಂದ 12 ಬಾರಿ ಎತ್ತುವುದು ರೂಢಿ. ಅಲ್ಲಿ ಒಟ್ಟು ಕೆಲಸ ಮತ್ತು ಸ್ನಾಯುವಿನ ದಣಿವು ಮುಖ್ಯ. ತರಗತಿಗೆ ಉದಾಹರಣೆ ಬೇಕಿದ್ದರೆ ಕುಂದಾಪುರದ ಗುರುರಾಜ ಪೂಜಾರಿ ಇದ್ದಾರೆ. 2018ರ ಗೋಲ್ಡ್‌ ಕೋಸ್ಟ್‌ ಕಾಮನ್‌ವೆಲ್ತ್‌ ಕ್ರೀಡಾಕೂಟದ 56 ಕೆ.ಜಿ. ವಿಭಾಗದಲ್ಲಿ ಬೆಳ್ಳಿ ಗೆದ್ದಾಗ ಅವರು ಕ್ಲೀನ್‌ ಅಂಡ್‌ ಜರ್ಕ್‌ನಲ್ಲಿ 138 ಕೆ.ಜಿ. ಎತ್ತಿದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೀರಾಬಾಯಿ ಚಾನು 49 ಕೆ.ಜಿ. ವಿಭಾಗದಲ್ಲಿ 115 ಕೆ.ಜಿ. ಎತ್ತಿದರು. ದೇಹತೂಕದ ಮಿತಿಯೊಳಗೇ ಇಷ್ಟು ಬಲ ಸಾಧ್ಯ.

ಇದು ಬರೀ ಪದಗಳ ಜಗಳವಲ್ಲ. ಪ್ರೌಢಾವಸ್ಥೆಗೆ ಕಾಲಿಡದ ಮಕ್ಕಳು ವ್ಯಾಯಾಮದಿಂದ ಬಲ ಗಳಿಸುತ್ತಾರೆ; ಆದರೆ ಅವರ ಸ್ನಾಯುವಿನ ಗಾತ್ರ ಹೆಚ್ಚೇನೂ ಬದಲಾಗುವುದಿಲ್ಲ. ಎಂಟನೇ ತರಗತಿಯಲ್ಲಿ ಮೀಸೆ ಚಿಗುರಿದವನೂ ಚಿಗುರದವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಅಲ್ಲಿ ತೋಳು ನೋಡಿ ಅಂಕ ಕೊಟ್ಟರೆ ನಾವು ಅಳೆಯುವುದು ಕಲಿಕೆಯನ್ನಲ್ಲ, ವಯಸ್ಸಿಗೆ ಬರುವ ಕ್ರಮವನ್ನು. ತೆಳ್ಳಗಿನ ಹುಡುಗ ತಾನು ಸೋತೆನೆಂದುಕೊಂಡು ಪ್ರೋಟೀನ್‌ ಪುಡಿಯ ಡಬ್ಬಿ ಹುಡುಕುತ್ತಾನೆ. ‘ಮೈ ಗಂಡಸರಂತಾದೀತು’ ಎಂಬ ಭಯದಿಂದ ಹುಡುಗಿಯರು ಬದಿಗೆ ಸರಿಯುತ್ತಾರೆ. ಗಾತ್ರ ಬೇರೆ, ಬಲ ಬೇರೆ ಎಂದು ಶಿಕ್ಷಕರು ಸ್ಪಷ್ಟಪಡಿಸಿದರೆ ಇಬ್ಬರಿಗೂ ಅಂಗಳದಲ್ಲಿ ಜಾಗ ಸಿಗುತ್ತದೆ.

ಇನ್ನೊಂದು ಮಾತು. 40 ನಿಮಿಷದ ಒಂದು ಪಾಠದಲ್ಲಿ ಗಾತ್ರವೂ ಬೆಳೆಯದು, ಬಲವೂ ಬೆಳೆಯದು. ಅದಕ್ಕೆ ವಾರಗಟ್ಟಲೆ ಅಭ್ಯಾಸ ಬೇಕು. ಆದ್ದರಿಂದ ಬಲವನ್ನು ಘಟಕದ ಉದ್ದೇಶವಾಗಿ ಬರೆಯೋಣ. ಆ ದಿನದ ಪಾಠಕ್ಕೆ ‘ಬೆನ್ನು ನೇರವಾಗಿಟ್ಟು 5 ಪುಷ್‌ಅಪ್‌ ಮಾಡುವರು’ ಎಂಬಂತಹ, ಕಣ್ಣಿಗೆ ಕಾಣುವ ಉದ್ದೇಶ ಇರಲಿ. ಗೋಡೆಗೆ ಕೈಯೂರಿ, ಬಳಿಕ ಬೆಂಚಿಗೆ, ಕೊನೆಗೆ ನೆಲಕ್ಕೆ ಎಂದು ಹಂತ ಏರಿಸಬಹುದು. ಶಾಲೆಯಲ್ಲಿ ಗರಿಷ್ಠ ಭಾರದ ಪರೀಕ್ಷೆ ಬೇಡ. ಪ್ರತಿ ಮಗುವಿನ ಹಂತ, ಭಂಗಿ ಮತ್ತು ಸಂಖ್ಯೆಯನ್ನು ಅದೇ ಮಗುವಿನ ಹಿಂದಿನ ದಾಖಲೆಯೊಂದಿಗೆ ಹೋಲಿಸಿದರೆ ಸಾಕು.

ಮಾರ್ಗದರ್ಶಕರು ಪಾಠ ವಿಮರ್ಶೆಯ ವೇಳೆ ಶಿಸ್ತು, ಸಮವಸ್ತ್ರ, ಸೀಟಿಯ ಸದ್ದಿನ ಬಗ್ಗೆ ಟಿಪ್ಪಣಿ ಬರೆಯುವ ಮುನ್ನ ‘ಈ ಪಾಠ ಯಾವುದಕ್ಕಾಗಿ, ಗಾತ್ರಕ್ಕೋ ಬಲಕ್ಕೋ?’ ಎಂದು ಪ್ರಶಿಕ್ಷಣಾರ್ಥಿಯನ್ನು ಕೇಳಲಿ. ಉತ್ತರ ಸ್ಪಷ್ಟವಿದ್ದರೆ ಚಟುವಟಿಕೆಯ ಆಯ್ಕೆ ತಾನಾಗಿ ಸರಿಹೋಗುತ್ತದೆ.