ತುತ್ತು ಸಿಕ್ಕಿಕೊಂಡರೆ ಬರಿಯ ಪಿತ್ತವೆನ್ನಬೇಡಿ

ಪಂಕ್ತಿಯಲ್ಲಿ ಎಲ್ಲರೂ ಕೈತೊಳೆದು ಎದ್ದ ಮೇಲೂ ಒಬ್ಬರು ತಟ್ಟೆಯ ಮುಂದೆ ಕುಳಿತೇ ಇರುತ್ತಾರೆ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಸಣ್ಣ ಸಣ್ಣ ತುತ್ತು ಮಾಡಿ, ತುತ್ತಿಗೊಂದು ಗುಟುಕು ನೀರು ಕುಡಿಯುತ್ತಾರೆ. ‘ಅವರ ಊಟವೇ ನಿಧಾನ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಜೊತೆಗೆ ಎದೆಯುರಿಯೂ ಇದ್ದರೆ ಅದಕ್ಕೆ ‘ಪಿತ್ತ’ವೆಂಬ ಹೆಸರು, ಔಷಧದ ಅಂಗಡಿಯಿಂದ ತಂದ ಮಾತ್ರೆ. ಹೀಗೆಯೇ ವರ್ಷಗಳು ಉರುಳುತ್ತವೆ. ನನ್ನ ಆಕ್ಷೇಪವಿರುವುದು ವ್ಯರ್ಥವಾಗುವ ಈ ವರ್ಷಗಳ ಬಗ್ಗೆ.

ಜಠರದ ಆಮ್ಲವು ಅನ್ನನಾಳಕ್ಕೆ ಏರಿಬರುವ ತೊಂದರೆಯನ್ನು ಎಲ್ಲರೂ ಬಲ್ಲರು. ಅಲರ್ಜಿಯಿಂದಲೂ ಅನ್ನನಾಳಕ್ಕೆ ಉರಿಯೂತ ಬರಬಹುದೆಂಬುದನ್ನು ಬಲ್ಲವರು ಕಡಿಮೆ. ಹಾಲು, ಗೋಧಿ, ಮೊಟ್ಟೆ, ಸೋಯಾದಂತಹ ಆಹಾರಕ್ಕೆ ದೇಹವು ಪ್ರತಿಕ್ರಿಯಿಸಿದಾಗ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳು ಅನ್ನನಾಳದ ಒಳಪದರದಲ್ಲಿ ಬಂದು ಸೇರುತ್ತವೆ. ಆರೋಗ್ಯವಂತರಲ್ಲಿ ಅವು ಅಲ್ಲಿರುವುದಿಲ್ಲ. ಆಸ್ತಮಾ, ಅಲರ್ಜಿಯ ನೆಗಡಿ, ಇಸುಬು ಇರುವವರಲ್ಲಿ ಈ ಕಾಯಿಲೆ ಹೆಚ್ಚು. ಚಿಕಿತ್ಸೆಯಿಲ್ಲದೆ ಬಿಟ್ಟರೆ ನಾಳದ ಗೋಡೆ ಕ್ರಮೇಣ ಗಡುಸಾಗಿ ದಾರಿ ಕಿರಿದಾಗುತ್ತದೆ. ತುತ್ತು ಸಿಕ್ಕಿಕೊಳ್ಳುವುದು ಆಗಲೇ.

1990ರ ದಶಕದ ಆರಂಭದಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿದ ಬಳಿಕ ಬಹುಕಾಲ ‘ಆಮ್ಲವೋ ಅಲರ್ಜಿಯೋ’ ಎಂಬ ವಿಂಗಡಣೆ ನಡೆಯಿತು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂತಹ ಮಾತ್ರೆಗೆ ಬಗ್ಗಿದರೆ ಆಮ್ಲ, ಬಗ್ಗದಿದ್ದರೆ ಅಲರ್ಜಿ! 2018ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವು ಈ ಒರೆಗಲ್ಲನ್ನು ಕೈಬಿಟ್ಟಿತು. ಏಕೆಂದರೆ ಆ ಮಾತ್ರೆಗಳು ಆಮ್ಲವನ್ನು ತಗ್ಗಿಸುವುದಲ್ಲದೆ, ಇಯೋಸಿನೋಫಿಲ್‌ಗಳನ್ನು ಕರೆತರುವ ರಾಸಾಯನಿಕ ಸಂದೇಶವನ್ನೂ ತಗ್ಗಿಸುತ್ತವೆ. ಎರಡು ಕಾಯಿಲೆಗಳೂ ಒಬ್ಬರಲ್ಲೇ ಇರಬಹುದು, ಒಂದನ್ನೊಂದು ಬೆಳೆಸಲೂಬಹುದು. ಆಮ್ಲವು ಒಳಪದರವನ್ನು ಸಡಿಲಗೊಳಿಸಿದರೆ ಆಹಾರದ ಅಂಶಗಳು ಒಳನುಸುಳುತ್ತವೆ. ಉರಿಯೂತದಿಂದ ಸೊರಗಿದ ಅನ್ನನಾಳವು ಮೇಲೇರಿದ ಆಮ್ಲವನ್ನು ಬೇಗನೆ ಕೆಳಗೆ ದೂಡಲಾರದು.

ಆದ್ದರಿಂದ ಮಾತ್ರೆಯಿಂದ ಉರಿ ಶಮನವಾಯಿತೆಂಬ ಮಾತ್ರಕ್ಕೆ ಕಾರಣ ತಿಳಿಯಿತೆಂದು ಭಾವಿಸಲಾಗದು. ಅದಕ್ಕೆ ಎಂಡೋಸ್ಕೋಪಿ ಬೇಕು, ಬಯಾಪ್ಸಿಯೂ ಬೇಕು. ಕಣ್ಣಿಗೆ ಅನ್ನನಾಳ ಸರಿಯಾಗಿಯೇ ಕಂಡರೂ ಕಾಯಿಲೆ ಇರಬಹುದು. ಬೇರೆ ಬೇರೆ ಭಾಗಗಳಿಂದ ಕನಿಷ್ಠ 6 ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅದರ ಒಂದು ನೋಟದಲ್ಲಿ 15 ಅಥವಾ ಹೆಚ್ಚು ಇಯೋಸಿನೋಫಿಲ್‌ಗಳಿದ್ದರೆ ಅನುಮಾನ ಬಲಗೊಳ್ಳುತ್ತದೆ. ತುತ್ತು ಸಿಕ್ಕಿಕೊಳ್ಳುವ ರೋಗಿಗೆ ಬಯಾಪ್ಸಿಯಿಲ್ಲದೆ ‘ಎಲ್ಲ ಸರಿಯಿದೆ’ ಎಂದು ಬರೆದುಕೊಡುವುದು ನನ್ನ ದೃಷ್ಟಿಯಲ್ಲಿ ಅರ್ಧ ಪರೀಕ್ಷೆ. ಪರೀಕ್ಷೆಗೆ ಮುನ್ನವೇ ವೈದ್ಯರನ್ನು ಈ ಬಗ್ಗೆ ವಿನಯದಿಂದ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಇದನ್ನೋದಿ ನಾಳೆಯಿಂದಲೇ ಹಾಲು, ಗೋಧಿಗಳನ್ನು ಬಿಡಬೇಡಿ, ಮಕ್ಕಳಿಗಂತೂ ಬಿಡಿಸಲೇಬೇಡಿ. ಯಾವ ಆಹಾರವನ್ನು ಎಷ್ಟು ಕಾಲ ಬಿಡಬೇಕೆಂಬುದು ವೈದ್ಯರ ಕಣ್ಗಾವಲಿನಲ್ಲಿ ನಡೆಯಬೇಕಾದ ಕೆಲಸ. ತುತ್ತು ಸಿಕ್ಕಿಕೊಂಡು ಎಂಜಲನ್ನೂ ನುಂಗಲಾಗದಿದ್ದರೆ ಮಾತ್ರ ಮನೆಮದ್ದಿಗೆ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ.