ಕಾಂಪ್ಲೆಕ್ಸಿನಲ್ಲಿ ನಮಗೆಷ್ಟು ಜಾಗ?

ಊರು ಬೆಳೆದಿದೆ ಎಂದು ತೋರಿಸಬೇಕಾದರೆ ನಮ್ಮ ಗಂಡಸರು ಈಗ ಶಾಲೆಯನ್ನಾಗಲಿ ದವಾಖಾನೆಯನ್ನಾಗಲಿ ತೋರಿಸುವುದಿಲ್ಲ, ಕಾಂಪ್ಲೆಕ್ಸ್ ತೋರಿಸುತ್ತಾರೆ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಮೂರೂ ಊರುಗಳ ದೊಡ್ಡ ರಸ್ತೆಗಳಲ್ಲಿ ಅದೇ ಮಾತು. ಕೆಳಗೆ ಮೊಬೈಲು, ಬಂಗಾರ, ರೆಡಿಮೇಡ್ ಬಟ್ಟೆಯ ಅಂಗಡಿಗಳು. ಮೇಲೆ ಫೈನಾನ್ಸು, ಕಂಪ್ಯೂಟರ್ ಕ್ಲಾಸು. ನೋಡಲು ಚೆಂದವೇ. ಆದರೆ ಒಳಗೆ ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿದೆ ಎಂದು ಕೇಳಿ ನೋಡಿ. ಬಹಳ ಕಡೆ ಅದಕ್ಕೆ ಬೀಗ, ಇಲ್ಲವೇ "ಬಸ್ ಸ್ಟ್ಯಾಂಡಿಗೆ ಹೋಗ್ರಿ" ಎಂಬ ಉತ್ತರ.

ಈ ಕಟ್ಟಡಗಳ ದುಡ್ಡು ಆಕಾಶದಿಂದ ಉದುರಲಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ, ಜೋಳ ಬೆಳೆಯುತ್ತಿದ್ದ ಸಿಂಧನೂರು ಭತ್ತದ ಸೀಮೆಯಾಯಿತು. ಅಕ್ಕಿ ಗಿರಣಿಗಳು ಬಂದವು. ಭತ್ತದ ಲಾಭ ರಸ್ತೆ ಬದಿಯ ಪ್ಲಾಟಾಯಿತು, ಪ್ಲಾಟು ಮಳಿಗೆಯಾಯಿತು. ಲಿಂಗಸುಗೂರಿನ ವ್ಯಾಪಾರಕ್ಕೆ ಹಟ್ಟಿ ಚಿನ್ನದ ಗಣಿಯ ಸಂಬಳದ ಬಲವೂ ಉಂಟು. ಕೆಸರಿನಲ್ಲಿ ಸೊಂಟ ಬಗ್ಗಿಸಿ ಭತ್ತ ನಾಟಿ ಮಾಡಿದವರು ಯಾರು? ಹೆಂಗಸರು. ಈ ಮಳಿಗೆಗಳಲ್ಲಿ ಸೀರೆ, ಪಾತ್ರೆ, ಬಂಗಾರ ಕೊಳ್ಳುವವರು ಯಾರು? ಹೆಂಗಸರು. ಬಾಡಿಗೆದಾರರ ಪಟ್ಟಿಯಲ್ಲಿ ಮಾತ್ರ ಅವರ ಹೆಸರನ್ನು ಹುಡುಕಬೇಕು. ಷಟರ್ ಎತ್ತುವ ಮೊದಲೇ ಕೇಳುವ ಡಿಪಾಜಿಟ್ಟನ್ನು ಹೊಲಿಗೆ ಯಂತ್ರ ತುಳಿದು ಸಂಸಾರ ನಡೆಸುವವಳು ಎಲ್ಲಿಂದ ತಂದಾಳು?

ಕಾಂಪ್ಲೆಕ್ಸೆಂದರೆ ಹೀಗೇ ಇರಬೇಕೆಂದು ಯಾರೂ ವಿಧಿಸಿಲ್ಲ. ವಿಯೆನ್ನಾದಿಂದ ಅಮೆರಿಕಕ್ಕೆ ಹೋದ ವಿಕ್ಟರ್ ಗ್ರುಯೆನ್ ರೂಪಿಸಿದ ಸೌತ್‌ಡೇಲ್ ಮಾಲು 1956ರಲ್ಲಿ ತೆರೆಯಿತು. ಅದರ ನಡುವೆ ಜನ ಕೂತು ಮಾತಾಡಲು ದೊಡ್ಡ ಅಂಗಳವಿತ್ತು. ಮರುವರ್ಷ ಆಸ್ಟ್ರೇಲಿಯದ ಬ್ರಿಸ್ಬೇನ್ ಹೊರವಲಯದ ಚರ್ಮ್‌ಸೈಡ್‌ನಲ್ಲಿ ಇಂಥದೇ ಅಂಗಡಿ ಸಮುಚ್ಚಯ ಬಂತು. ನಾವು ಗಾಜನ್ನು ತಂದೆವು, ಅಂಗಳವನ್ನು ಅಲ್ಲೇ ಬಿಟ್ಟೆವು. ಅಂಥ ಮಾಲುಗಳಲ್ಲಿ ಇನ್ನೊಂದು ಪದ್ಧತಿ ಇದೆ. ಗಿರಾಕಿಗಳನ್ನು ಎಳೆದು ತರುತ್ತದೆಂದು ದೊಡ್ಡ ಅಂಗಡಿಗೆ ಚದರಡಿಯ ಬಾಡಿಗೆ ಕಡಿಮೆ, ಚಿಕ್ಕ ಅಂಗಡಿಗೆ ಹೆಚ್ಚು. ಜನರನ್ನು ಸೆಳೆಯುವವರಿಗೆ ರಿಯಾಯಿತಿ ಎಂಬುದೇ ನ್ಯಾಯವಾದರೆ, ಮೆಟ್ಟಿಲ ಬಳಿ ಹೂವು, ಕೊತ್ತಂಬರಿ ಮಾರುವವಳಿಗೂ ಅದು ಸಿಗಬೇಕಲ್ಲ? ಅವಳಿಗೆ ಸಿಗುವುದು "ಏ, ಏಳಮ್ಮ" ಎಂಬ ಗದರಿಕೆ.

"ಟೀಚರಿಗೆ ಹಳೇ ಸಂತಿಯೇ ಚೆಂದ" ಎಂದು ನಗಬೇಡಿ. ಸಂತೆಯಲ್ಲೂ ನಮಗೆ ಮರೆಯಿರಲಿಲ್ಲ, ನೆರಳಿರಲಿಲ್ಲ. ನನ್ನ ಕೈಯಲ್ಲಿ ಕಲಿತ ಹುಡುಗಿಯರು ಇಂದು ಈ ಅಂಗಡಿಗಳಲ್ಲಿ ದುಡಿದು ಮನೆಗೆ ಸಂಬಳ ಒಯ್ಯುತ್ತಾರೆ. ಅದು ಸಣ್ಣ ಮಾತಲ್ಲ. ಆದರೆ ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇರಬೇಕು, ಗಿರಾಕಿ ಇಲ್ಲದಾಗಲೂ. ಒಬ್ಬಳು ಹೇಳಿದಳು: "ಹೋಗಾಕ ಜಾಗ ಇಲ್ಲಂತ ನೀರು ಕುಡಿಯೋದ ಬಿಟ್ಟೀನ್ರಿ ಟೀಚರ್." ರಾಯಚೂರು ಜಿಲ್ಲೆಯ ಬಿಸಿಲಲ್ಲಿ ನೀರು ಕುಡಿಯದೆ ದಿನ ಕಳೆಯುವುದೆಂದರೇನು, ನಮಗೆ ಬಿಡಿಸಿ ಹೇಳಬೇಕೆ?

ಕೋಝಿಕ್ಕೋಡಿನ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಇದನ್ನೇ ಕೇಳಿ ಹೋರಾಡಿದರು. ಪಿ. ವಿಜಿ ಎಂಬ ಹೊಲಿಗೆಯಾಕೆ ಅವರನ್ನು ಒಗ್ಗೂಡಿಸಿದಳು. 2018ರಲ್ಲಿ ಕೇರಳ ಕಾನೂನು ತಿದ್ದಿ ಅಂಗಡಿಯಲ್ಲಿ ಕೂರುವ ಹಕ್ಕು ಕೊಟ್ಟಿತು. 2021ರಲ್ಲಿ ತಮಿಳುನಾಡೂ ಕೊಟ್ಟಿತು. ಒಂದು ಸ್ಟೂಲಿಗಾಗಿ ಕಾನೂನೇ ಬರಬೇಕಾಯಿತು! ಬೀದಿ ಬದಿ ವ್ಯಾಪಾರಿಗಳಿಗಾಗಿ 2014ರಲ್ಲೇ ಕೇಂದ್ರದ ಕಾಯ್ದೆ ಬಂದಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳು ಕನಿಷ್ಠ ಶೇಕಡಾ 40 ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ನಿಮ್ಮೂರಿನ ಸಮಿತಿಯಲ್ಲಿ ಆ ಮಹಿಳೆಯರು ಯಾರು, ವಿಚಾರಿಸಿದ್ದೀರಾ?

1915ರಲ್ಲಿ ಮಸ್ಕಿಯ ಬಂಡೆಯಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರಿದೆಯೆಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅದು ಹೇಳುವುದೇನೆಂದು ಹೇಳುವುದಿಲ್ಲ. ಶ್ರೇಯಸ್ಸು ದೊಡ್ಡವರಿಗೆ ಮಾತ್ರವೆಂದು ತಿಳಿಯಬೇಡಿ, ಧರ್ಮದಲ್ಲಿ ನಡೆಯುವ ಚಿಕ್ಕವರಿಗೂ ಅದು ಸಾಧ್ಯ ಎಂಬುದು ಅದರ ಸಾರ. ಆ ಬಂಡೆಯಿರುವ ಊರಲ್ಲಿ ಡಿಪಾಜಿಟ್ಟು ಇದ್ದವರಿಗೆ ಮಾತ್ರ ಜಾಗವೆಂದರೆ ಹೇಗೆ?

ನಾವು ಕೇಳುವುದು ಮಹಲಲ್ಲ. ಬೀಗವಿಲ್ಲದ, ನೀರಿರುವ ಶೌಚಾಲಯ, ಕೆಲಸದ ಹುಡುಗಿಗೊಂದು ಸ್ಟೂಲು, ಕೆಳಗಿನ ಅಂತಸ್ತಿನಲ್ಲಿ ಕಡಿಮೆ ಡಿಪಾಜಿಟ್ಟಿನ ಒಂದೆರಡು ಚಿಕ್ಕ ಮಳಿಗೆ, ಹೂವಿನವಳಿಗೆ ನೆರಳು. ನಕ್ಷೆಗೆ ಸಹಿ ಹಾಕುವ ಮೊದಲು ನಗರಸಭೆ, ಪುರಸಭೆಯವರು ಇಷ್ಟನ್ನು ನೋಡಲಿ. ಅವರು ನೋಡದಿದ್ದರೆ ನಾವು ನೋಡೋಣ. ಹಬ್ಬದ ಸೀರೆಗೆ ಹೋದಾಗ ರೇಟು ಕೇಳುವ ಮೊದಲು ಶೌಚಾಲಯ ಕೇಳಿ, ಅಕ್ಕಂದಿರೇ. ಇಲ್ಲವೆಂದರೆ ಸೀರೆ ಮಡಚಿ ಅಲ್ಲೇ ಇಟ್ಟು ಬನ್ನಿ. ವ್ಯಾಪಾರಸ್ಥರಿಗೆ ಆ ಭಾಷೆ ಬೇಗ ತಿಳಿಯುತ್ತದೆ.